ಗುರುತು ಪರಿಚಯ

ಪೆನ್‌ಡ್ರೈವ್ ಯಾರದೆಂದು ತಿಳಿದುಕೊಳ್ಳಲಿಕ್ಕಷ್ಟೇ ಅದನ್ನು ತೆರೆದದ್ದು ಎಂದು ದೇವಾನಂದ ಆ ದಿನವೆಲ್ಲ ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೇನೂ ಆಗಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಕಾಲೇಜಿನ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಮಧ್ಯಾಹ್ನ ಮೂರಕ್ಕೆ ಕೊನೆಯ ಪ್ರಾಜೆಕ್ಟ್ ಒಪ್ಪಿಸಬೇಕಾಗಿತ್ತು, ಅವನದಿನ್ನೂ ಅರ್ಧವೂ ಆಗಿರಲಿಲ್ಲ, ಅದಕ್ಕೇ ಭಾಂಡುಪಿನಿಂದ ಏಳೂವರೆಯ ಲೋಕಲ್ ಹಿಡಿದು ಘಾಟ್ಕೋಪರಿಗೆ ಬಂದಿದ್ದ. ಲ್ಯಾಬ್ ನೋಡಿಕೊಳ್ಳುವ ರಮಾನಾಥ ಬೀಗ ತೆಗೆದುಕೊಟ್ಟು ಚಹಾ ಕುಡಿಯಲು ಕೆಳಗಿಳಿದಿದ್ದ. ಹನ್ನೊಂದನೇ ನಂಬರಿನ ಮಶೀನಿಗೆ ಸಿಕ್ಕಿಸಿದ ಹಾಗೆಯೇ ಯಾರೋ ಒಂದು ನೀಲಿ ಪೆನ್‌ಡ್ರೈವ್ ಮರೆತು ಹೋಗಿದ್ದರು. ಮಾಟುಂಗದ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕನ್ನಡ ಅಕ್ಷರ ಜೋಡಿಸಿದ ಇಪ್ಪತ್ತೆರಡು ವರ್ಷಗಳಲ್ಲಿ ಜನ ಮರೆತುಹೋದ ಎಷ್ಟೋ ವಸ್ತುಗಳನ್ನು, ಛತ್ರಿ, ಕನ್ನಡಕ, ಲಗ್ನಪತ್ರಿಕೆಗೆಂದು ತಂದ ಮದುಮಕ್ಕಳ ಫೋಟೋ, ಒಮ್ಮೆ ಒಂದು ಹಲ್ಲಿನ ಸೆಟ್ಟನ್ನು ಕೂಡ, ಅವನು ಚೀಟಿ ಅಂಟಿಸಿ ತೆಗೆದಿಟ್ಟು ಯಾರದೋ ಅವರಿಗೆ ಮುಟ್ಟಿಸಿದ್ದ. ಒಂದು ಪುಟ ಕಳೆದದ್ದಿಲ್ಲ, ಒಂದು ಹೆಸರು ತಪ್ಪಿದ್ದಿಲ್ಲ. ಆ ರೂಢಿಯಲ್ಲೇ ಪೆನ್‌ಡ್ರೈವ್ ತೆರೆದ.

ಒಳಗೆ 'ಅಮೋಲ್ ಫೈನಲ್' ಎಂಬ ಫೋಲ್ಡರ್. ಅಷ್ಟು ಕಂಡಾಗಲೇ ಮುಚ್ಚಬಹುದಿತ್ತು. ಅಮೋಲ್ ಅವನ ಪಕ್ಕದ ಕುರ್ಚಿಯ ಹುಡುಗ, ವಿಕ್ರೋಳಿಯ ಚಾಳಿನಿಂದ ಬರುತ್ತಿದ್ದ, ಹತ್ತೊಂಬತ್ತು ಇರಬಹುದು. ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ ಇಡುವುದು ಹೇಗೆ, ಬೇಡದ ಪದರವನ್ನು ಮರೆಮಾಡುವುದು ಹೇಗೆ ಎಂದು ಮೊದಲ ತಿಂಗಳು ಅವನಿಗೆ ಬೇಸರವಿಲ್ಲದೆ ಹೇಳಿಕೊಟ್ಟವನು. ಮುಚ್ಚಬಹುದಿತ್ತು. ಆದರೆ ಎಲ್ಲಕ್ಕೂ ಮೇಲಿದ್ದ ಫೈಲಿನ ಹೆಸರು 'ಅಂಕಲ್' ಎಂದಿತ್ತು, ಮತ್ತು ಆ ಕ್ಲಾಸಿನಲ್ಲಿ ಅಂಕಲ್ ಒಬ್ಬನೇ ಇದ್ದ.

ಒಂದು ನಿಮಿಷ ಹತ್ತು ಸೆಕೆಂಡಿನ ವಿಡಿಯೋ. ಮೊದಲು ಅವನ ಬಲಗೈ, ಮೌಸಿನ ಮೇಲೆ. ಎರಡು ಸಲ ಒತ್ತಬೇಕಾದಲ್ಲಿ ಒಂದು ಸಲ ಒತ್ತಿ, ಏನಾಯಿತೋ ಎಂದು ಪರದೆ ನೋಡಿ, ಮತ್ತೆ ಒಂದು ಸಲ ಒತ್ತುವ ಕೈ. ಪ್ರತಿ ಒತ್ತಿಗೂ ತಬಲಾದ ಪೆಟ್ಟು ಹಾಕಿದ್ದರು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಕನ್ನಡಕ ಹುಡುಕುವ ಅವನು. ಶೈಲಾ ಮ್ಯಾಡಮ್ ಏನು ಕೇಳಿದರೂ 'ಯಸ್ ಮ್ಯಾಡಮ್' ಎಂದು ಎದ್ದು ನಿಲ್ಲುವ ಅವನು, ಎದ್ದು ಕೂತು ಎದ್ದು ಕೂತು ಮಾಡುವಂತೆ ಆರು ಸಲ ಜೋಡಿಸಿದ್ದರು. ಅವನಿಗೇ ಸಣ್ಣಗೆ ನಗು ಬಂತು. ಹುಡುಗ ಚೆನ್ನಾಗಿ ಮಾಡಿದ್ದಾನೆ ಎಂದುಕೊಂಡ, ತನಗೆ ಇಷ್ಟು ಬರುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು ಕೂಡ. ಆಮೇಲೆ ಚಿತ್ರ ಕಾರಿಡಾರಿಗೆ ಬಂತು. ನೀರಿನ ಕೂಲರಿನ ಹತ್ತಿರ ಅವನು ನಿಂತಿದ್ದಾನೆ. ಸಾಸಿವೆ ಬಣ್ಣದ ಕುರ್ತಾ ತೊಟ್ಟ ಒಬ್ಬ ಹುಡುಗಿ ಗೆಳತಿಯರ ಜೊತೆ ನಗುತ್ತ ಹೋಗುತ್ತಾಳೆ. ಅವನು ನೋಡುತ್ತಾನೆ. ಇನ್ನೊಂದು ದಿನ, ಮೆಟ್ಟಿಲು, ಅದೇ ಹುಡುಗಿ, ಅವನು ನೋಡುತ್ತಾನೆ. ಮತ್ತೊಂದು ದಿನ ಕ್ಯಾಂಟೀನು; ಕೈಯಲ್ಲಿ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನೋಡುತ್ತಾನೆ. ಎರಡು ಕ್ಷಣದ ನೋಟವನ್ನು ಎಳೆದೆಳೆದು ಹತ್ತು ಸೆಕೆಂಡು ಮಾಡಿದ್ದರು, ಆ ಪಾಠ ಅವನಿಗೂ ಆಗಿತ್ತು. ಎಳೆದ ನೋಟದಲ್ಲಿ ಕಣ್ಣಿನ ರೆಪ್ಪೆ ಸೋಂಬೇರಿಯ ಹಾಗೆ ಇಳಿಯುತ್ತಿತ್ತು, ತುಟಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಕಣ್ಣುಗಳ ಸುತ್ತ ಒಂದು ಕೆಂಪು ಉಂಗುರ ಬಂದು ನಿಂತಿತು. ಕೊನೆಗೆ ದೊಡ್ಡ ಅಕ್ಷರದಲ್ಲಿ, ಅಂಕಲ್ ಕೀ ನಜರ್, ಅಂಕಲ್ಲಿನ ಕಣ್ಣು. ಅಕ್ಷರಗಳ ನಡುವಿನ ಅಂತರ ಸರಿಯಿಲ್ಲ ಎಂಬುದು ಆಗಲೂ ಅವನ ಕಣ್ಣಿಗೆ ಬಿತ್ತು.

ಆ ಹುಡುಗಿ ಸೋನಾಲಿ, ಅವನ ಮಗಳು.

ಅದು ಯಾರಿಗೂ ಗೊತ್ತಿರಲಿಲ್ಲ. ಪ್ರೆಸ್ ಮುಚ್ಚಿ ಎಂಟು ತಿಂಗಳು ಮನೆಯಲ್ಲಿ ಕೂತಿದ್ದಾಗ ಮಾಟುಂಗದ ಕನ್ನಡ ಸಂಘದ ಅಣವೀರಪ್ಪನವರು ಕರೆಸಿ, "ಈಗ ಯಾರು ಲಗ್ನಪತ್ರ ಅಚ್ಚ ಹಾಕಸ್ತಾರೋ ದೇವಾನಂದ? ಎಲ್ಲಾರೂ ಮೊಬೈಲ್‌ನ್ಯಾಗ ಹಾಡ್ ಹಚ್ಚಿ, ಹೂವು ಉದರ್ಸಿ ವಿಡಿಯೋ ಕಳಸ್ತಾರ. ಅದನ್ನ ಕಲ್ತು ಸರ್ಟಿಫಿಕೇಟ್ ತಗೊಂಡ್ ಬಾ, ನಮ್ಮ ಆಫೀಸಿನ್ಯಾಗ ಕುರ್ಚಿ ಇಟ್ಟಿರ್ತೀನಿ" ಎಂದು, ತಮ್ಮ ಗುರುತಿನ ಟ್ರಸ್ಟಿಗೆ ಹೇಳಿ ಈ ಆರು ತಿಂಗಳ ಕೋರ್ಸಿನಲ್ಲಿ ಸೀಟು ಕೊಡಿಸಿದ್ದರು. ಮಲ್ಟಿಮೀಡಿಯಾ ಡಿಸೈನಿನ ಪರಿಚಯ ಎಂದು ಅದರ ಹೆಸರು. ಕಾಲೇಜು ಯಾವುದೆಂದು ತಿಳಿದ ದಿನ ಸೋನಾಲಿ ಊಟ ಬಿಟ್ಟು ಎದ್ದಿದ್ದಳು. ಅವಳು ಅಲ್ಲೇ ಬಿ.ಕಾಂ. ಎರಡನೇ ವರ್ಷ. ಮರುದಿನ ಅಡುಗೆಮನೆಯ ಬಾಗಿಲಲ್ಲಿ, ಒದ್ದೆ ಕೂದಲು ಒರೆಸಿಕೊಳ್ಳುತ್ತ, ಅವನ ಮುಖ ನೋಡದೆ ಹೇಳಿದ್ದಳು. "ಪಪ್ಪಾ, ಒಂದ್ ಮಾತ್. ಸಿಟ್ಟ್ ಮಾಡ್ಕೋಬ್ಯಾಡ್ರಿ. ಕಾಲೇಜ್‌ನ್ಯಾಗ ನೀವು ನಂಗ ಮಾತಾಡಸಬ್ಯಾಡ್ರಿ. ಮತ್ಲಬ್… ಅಲ್ಲಿ ಫ್ರೆಂಡ್ಸ್ ಎಲ್ಲಾ… ನಗ್ತಾರ."

ಒಲೆಯ ಮುಂದಿದ್ದ ಅವನ ಹೆಂಡತಿ ರಂಜನಾ ಹೆಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ತಿರುಗಿದಳು. "ಯಾಕ, ನಿಮ್ಮಪ್ಪ ಅಲ್ಲಿ ಕಳವ ಮಾಡಾಕ ಹೊಂಟಾನೇನ?"

"ಬಿಡ, ಬಿಡ," ಎಂದು ದೇವಾನಂದ ನಕ್ಕಿದ್ದ. "ಕಲಿಯಾಕ ಹೊಂಟೀನಿ, ಮಾತಾಡಾಕಲ್ಲ. ಅಲ್ಲಿ ನೀ ಯಾರೋ, ನಾ ಯಾರೋ."

ಮೊದಮೊದಲು ಅದು ಆಟದ ಹಾಗೆ ಇತ್ತು. ಎದುರಿಗೆ ಬಂದರೆ ಇಬ್ಬರೂ ತಲೆ ತಗ್ಗಿಸುವುದು, ಅವನು ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಸರಿಯುವುದು, ರಾತ್ರಿ ಊಟಕ್ಕೆ ಕೂತಾಗ ಕಾಲೇಜಿನ ಮಾತು ಇಬ್ಬರೂ ಎತ್ತದಿರುವುದು. ಆಮೇಲೆ ಅದು ಬೇರೇನೋ ಆಯಿತು. ಮನೆಯಲ್ಲಿ ಅವಳು ಕೇಳಿದಷ್ಟಕ್ಕೆ, ತಡವರಿಸುವ ಕನ್ನಡದಲ್ಲಿ, ಉತ್ತರ ಕೊಡುವ ಹುಡುಗಿ. ಇಲ್ಲಿ ಹಿಂದಿಯಲ್ಲಿ ಪಟಪಟ ಮಾತಾಡುತ್ತಾಳೆ, ಗೆಳತಿಯ ಹೆಗಲಿಗೆ ಹೊಡೆದು ನಗುತ್ತಾಳೆ, ನಗುವಾಗ ತಲೆ ಹಿಂದಕ್ಕೆ ಹೋಗುತ್ತದೆ. ಆ ನಗುವನ್ನು ಅವನು ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ತನ್ನ ಮಗಳಾಗಿಲ್ಲದಾಗ ಅವಳು ಹೀಗಿರುತ್ತಾಳೆ. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು, ನಿಜವೇ. ಕೂಲರಿನ ಹತ್ತಿರ ನೀರು ತುಂಬಿದ ಮೇಲೂ ನಿಂತಿರುತ್ತಿದ್ದ, ನಿಜವೇ. ಈಗ ಆ ಕೆಂಪು ಉಂಗುರದೊಳಗಿನ ಕಣ್ಣುಗಳನ್ನು ನೋಡುತ್ತ, ಮೂರು ಸಲ ನೋಡಿದ, ಇದರಲ್ಲಿ ತಂದೆ ಎಲ್ಲಿದ್ದಾನೆ ಎಂದು ಹುಡುಕಿದ. ಸಿಗಲಿಲ್ಲ. ಗುರುತಿಲ್ಲದ ಯಾವನಾದರೂ ಇದನ್ನು ನೋಡಿದರೆ ಏನು ಅಂದುಕೊಳ್ಳುತ್ತಾನೋ ಅದನ್ನೇ ತಾನೂ ಅಂದುಕೊಂಡ.

ಆ ಒಂದು ಫೈಲನ್ನು ಅಳಿಸಿದ್ದರೆ ಸಾಕಿತ್ತು. ಆಮೇಲೆ ಎಷ್ಟು ನೆನೆದರೂ ಆ ಗಳಿಗೆ ಸ್ಪಷ್ಟವಾಗಲಿಲ್ಲ. ಕೈ ತಪ್ಪಿತು ಎನ್ನಲು ಮನಸ್ಸು ಒಪ್ಪಲಿಲ್ಲ. ಅವನು ಇಡೀ ಫೋಲ್ಡರನ್ನು ಹಿಡಿದಿದ್ದ. ಒಳಗೆ ಆರು ತಿಂಗಳ ಕೆಲಸವಿದೆ ಎಂದು ಗೊತ್ತಿತ್ತು: ಅಮೋಲ್ ರೈಲಿನ ಕಿಟಕಿಯಿಂದ ತೆಗೆದ ಚಿತ್ರಗಳು, ಕೈಯಿಂದ ಬರೆದು ಒಂದೊಂದಾಗಿ ಕುಣಿಸಿದ ಒಂದು ಕಾಗೆ. ಖಾಯಂ ಅಳಿಸಬೇಕೆ ಎಂದು ಮಶೀನು ಕೇಳಿತು. ಹೌದು ಎಂಬಲ್ಲಿ ಬಾಣ ಒಯ್ದು ನಿಲ್ಲಿಸಿದ. ಹೊರಗೆ ಮೆಟ್ರೋ ಒಂದು ಬಂದು ಹೋಗುವಷ್ಟು ಹೊತ್ತು ಹಾಗೇ ಕೂತಿದ್ದ. ಆಮೇಲೆ ಒತ್ತಿದ, ಈ ಸಲ ಕೈ ತಡವರಿಸಲಿಲ್ಲ. ಪೆನ್‌ಡ್ರೈವ್ ಕಿತ್ತು ರಮಾನಾಥನ ಮೇಜಿನ ಮೇಲೆ, ಪಂಚಿಂಗ್ ಮಶೀನಿನ ಪಕ್ಕದಲ್ಲಿ ಇಟ್ಟು ಬಂದು ತನ್ನ ಜಾಗದಲ್ಲಿ ಕೂತ. ತನ್ನ ಪ್ರಾಜೆಕ್ಟ್ ತೆರೆದ. ಒಂದು ಲಗ್ನಪತ್ರಿಕೆಯ ವಿಡಿಯೋ. ಹೂವು ಉದುರಬೇಕು, ಹೆಸರುಗಳು ಒಂದಾದ ಮೇಲೊಂದು ಮೂಡಬೇಕು. ಹೂವೆಲ್ಲ ಒಂದೇ ಸಲ ಕಲ್ಲಿನಂತೆ ಬೀಳುತ್ತಿದ್ದವು.

ಹತ್ತೂವರೆಗೆ ಕ್ಲಾಸು ತುಂಬಿತು. ಇಬ್ಬರು ಹುಡುಗಿಯರು ಅವನ ಹಿಂದಿನ ಸಾಲಿನಿಂದ ಎದ್ದು ಬಾಗಿಲ ಹತ್ತಿರದ ಮಶೀನುಗಳಿಗೆ ಹೋಗಿ ಕೂತರು. ಯಾಕೆಂದು ಅವನಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಅಮೋಲ್ ರಮಾನಾಥನ ಮೇಜಿನ ಹತ್ತಿರ ಕೂಗಿಕೊಂಡ. ಪೆನ್‌ಡ್ರೈವ್ ಖಾಲಿ. ಹಾಕಿ ತೆಗೆದ, ಉಫ್ ಎಂದು ಊದಿದ, ಬೇರೆ ಮಶೀನಿಗೆ ಹಾಕಿದ. ಅವನ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಗಾಜು ಒಡೆದ ಫೋನಿನಲ್ಲಿ ಜಾಗ ಇರಲಿಲ್ಲ, ಇದ್ದದ್ದೆಲ್ಲ ಅದರಲ್ಲೇ. ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತುಬಿಟ್ಟ, ಮೂಗಿನಿಂದ ಸದ್ದು ಬರುವ ಹಾಗೆ ಅಳತೊಡಗಿದ. ಹೋದ ವಾರವಷ್ಟೇ ಲ್ಯಾಬಿಗೆ ವೈರಸ್ ಹೊಕ್ಕು ನಾಲ್ಕು ಮಶೀನು ಕೆಟ್ಟಿದ್ದವು. ಇದೂ ಅದೇ ಎಂದು ಎಲ್ಲರೂ ಅಂದರು.

ರಮಾನಾಥ ಕುಂದಾಪುರದ ಕಡೆಯವನು. ಕ್ಲಾಸಿನಲ್ಲಿ ಕನ್ನಡ ಬರುವುದು ದೇವಾನಂದನೊಬ್ಬನಿಗೇ ಎಂದು ಅವನ ಹತ್ತಿರ ಬಂದು ಬಗ್ಗಿ ಗೊಣಗಿದ. "ಎಂಥ ಕರ್ಮ ಮಾರಾಯ್ರೆ. ವೈರಸ್ ಆದ್ರೆ ಆ ಪೆನ್‌ಡ್ರೈವ್ ಪೂರ್ತಿ ತೊಳ್ದು ಹೊಸತು ಮಾಡ್ಬೇಕು, ಮತ್ತೆ ಒಳಗಿದ್ದದ್ದು ಹೋಯ್ತು ಅಂತಲೇ ಲೆಕ್ಕ. ಯಾರಾದ್ರೂ ಕೈಯಾರೆ ಅಳಿಸಿದ್ದಾದ್ರೆ ಬೇರೆ ಮಾತು. ಅದರ ಮೇಲೆ ಏನೂ ಬರೀದಿದ್ರೆ ನಾನು ಹೇಗಾದ್ರೂ ಎಳೆದು ತೆಗೀತಿದ್ದೆ. ಆದ್ರೆ ಯಾರು ಅಳಿಸ್ತಾರೆ, ಹೇಳಿ?"

"ಯಾವಾಗ ತೊಳೀತೀರಿ?" ಎಂದ ದೇವಾನಂದ. ತನ್ನ ದನಿ ಎಷ್ಟು ಸಹಜವಾಗಿದೆ ಎಂದು ಅವನಿಗೇ ಅಸಹ್ಯವಾಯಿತು.

"ಎರಡು ಗಂಟೆಗೆ. ಅಷ್ಟರೊಳಗೆ ಮನಸ್ಸು ಗಟ್ಟಿ ಮಾಡ್ಕೊಳ್ಳಲಿ, ಪಾಪ."

ಎರಡಕ್ಕೆ ಇನ್ನೂ ಮೂರೂವರೆ ಗಂಟೆ ಇತ್ತು. ಈಗ ಎದ್ದು ಹೇಳಬಹುದು. ಯಾಕೆ ಅಳಿಸಿದೆ ಎಂದು ಕೇಳುತ್ತಾರೆ. ವಿಡಿಯೋ ನೋಡಿದೆ ಎನ್ನಬೇಕು. ವಿಡಿಯೋದಲ್ಲಿ ಅಂಥದ್ದೇನಿತ್ತು ಎನ್ನುತ್ತಾರೆ. ಆಗ ಆ ಹುಡುಗಿ ಯಾರೆಂದು ಹೇಳಬೇಕು. ಹೇಳದಿದ್ದರೆ ತಾನು ಅಂಥವನೇ, ಹೇಳಿದರೆ ಮಗಳ ಮುಂದೆ ಮಾತು ತಪ್ಪಿದವನು. ಬುದ್ಧಿ ಹೀಗೆ ಒಂದೊಂದೇ ಬಾಗಿಲು ಮುಚ್ಚಿಕೊಂಡು ಬರುತ್ತಿದ್ದಾಗ, ಇದೆಲ್ಲ ನೆವ, ನಿನಗೆ ಆ ಹುಡುಗ ಅಳುವುದನ್ನು ನೋಡಿ ಒಳಗೊಳಗೇ ತಂಪಾಗುತ್ತಿದೆ ಎಂದು ಇನ್ನೊಂದು ದನಿ ಹೇಳಿತು. ಅದೂ ಸುಳ್ಳಾಗಿರಲಿಲ್ಲ. ಹೂವುಗಳು ಬೀಳುತ್ತಲೇ ಇದ್ದವು. ಒಂದು ಗಂಟೆಗೆ ಪ್ಯೂನ್ ಬಂದು, ಶೈಲಾ ಮ್ಯಾಡಮ್ ಕೆಳಗಿನ ಮಹಡಿಯ ಕ್ಯಾಬಿನ್ನಿಗೆ ಕರೆಯುತ್ತಿದ್ದಾರೆ ಎಂದ.

ಶೈಲಾ ಮ್ಯಾಡಮ್ ಕೋರ್ಸಿನ ಮುಖ್ಯಸ್ಥೆ. ಯಾರನ್ನೂ ಗದರಿದವರಲ್ಲ, ಅವನಿಗೆ ಸುಲಭವಾಗಲೆಂದು ಪಾಠದ ಅರ್ಧವನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಅವತ್ತು ಕೂಡ ಅವರು ಕೂರಲು ಹೇಳಿ, ಒಂದು ಲೋಟ ನೀರು ಸರಿಸಿ, ಆಮೇಲೆ ತಮ್ಮ ಫೋನನ್ನು ಅವನ ಮುಂದೆ ಹಿಡಿದರು. ಕಾರಿಡಾರು, ಮೆಟ್ಟಿಲು, ಕ್ಯಾಂಟೀನು, ಕೆಂಪು ಉಂಗುರ. ಹಿಂದಿನ ಸಂಜೆ ಫೋನಿಗೆ ಇಳಿಸಿಕೊಂಡಿದ್ದ ಅದೊಂದನ್ನು ಅಮೋಲ್ ಬೆಳಿಗ್ಗೆ ಏಳಕ್ಕೇ ಹುಡುಗರ ವಾಟ್ಸಾಪ್ ಗುಂಪಿಗೆ ಕಳಿಸಿದ್ದ. ಅಂಕಲ್ ಇಲ್ಲದ ಗುಂಪು ಅದು. ಇಷ್ಟು ಹೊತ್ತಿಗೆ ಕಾಲೇಜಿನಲ್ಲಿ ಯಾರ ಫೋನಿನಲ್ಲಿ ಇಲ್ಲ ಎಂದು ಕೇಳಬೇಕಿತ್ತು. ಅಳಿಸಿದ್ದು ಏನನ್ನು ಹಾಗಾದರೆ? ಆ ಕಾಗೆಯನ್ನು, ರೈಲಿನ ಕಿಟಕಿಯನ್ನು. ಅಳಿಸಬೇಕಾಗಿದ್ದು ಸಾವಿರ ಕಡೆ ಬದುಕಿಕೊಂಡಿತ್ತು.

"ವಿಡಿಯೋ ಮಾಡಿದವನನ್ನು ನಾನು ಬಿಡುವುದಿಲ್ಲ, ಅದು ಬೇರೆ," ಎಂದು ಮ್ಯಾಡಮ್ ಹಿಂದಿಯಲ್ಲಿ ಹೇಳಿದರು. "ಆದರೆ ಇಬ್ಬರು ಹುಡುಗಿಯರು ದೂರು ಕೊಟ್ಟಿದ್ದಾರೆ. ಮೂರು ಬೇರೆ ಬೇರೆ ದಿನ, ಒಬ್ಬಳೇ ಹುಡುಗಿ. ಈ ಹುಡುಗಿ ನಿಮಗೆ ಪರಿಚಯವೇ?"

"ಇಲ್ಲ ಮ್ಯಾಡಮ್," ಎಂದ ದೇವಾನಂದ.

"ಮತ್ತೆ ಯಾಕೆ ನೋಡುತ್ತಿದ್ದಿರಿ?"

ಮೇಜಿನ ಗಾಜಿನ ಕೆಳಗೆ ಯಾರದೋ ಮಗುವಿನ ಫೋಟೋ ಇತ್ತು. ಅವನು ಅದನ್ನೇ ನೋಡುತ್ತ, "ಹಂಗೇ ಮ್ಯಾಡಮ್. ತಪ್ಪಾಯಿತು," ಎಂದ. ಆ ಮಾತು ಬಾಯಿಂದ ಬಿದ್ದಾಗ ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು, ಕೊಟ್ಟ ಮಾತು ಉಳಿಸಿಕೊಂಡೆನೆಂದು. ಮರುಕ್ಷಣ ಮ್ಯಾಡಮ್ಮಿನ ಕಣ್ಣು ಬದಲಾದದ್ದನ್ನು ಕಂಡು ಆ ಸಮಾಧಾನ ಎಲ್ಲಿ ಹೋಯಿತೋ. ಅವರು ಒಂದು ಬಿಳಿ ಹಾಳೆ ಕೊಟ್ಟು ತಪ್ಪೊಪ್ಪಿಗೆ ಬರೆಯಲು ಹೇಳಿದರು. ಹುಡುಗಿಯನ್ನೂ ಕರೆಸಿದ್ದೇನೆ, ಆಕೆ ಏನು ಹೇಳುತ್ತಾಳೋ ಕೇಳಬೇಕು ಎಂದರು.

ಅವನು ಬರೆದ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇನ್ನು ಮುಂದೆ ನಾನು ಆ ವಿದ್ಯಾರ್ಥಿನಿಯ ಕಡೆ ನೋಡುವುದಿಲ್ಲ ಎಂದು ಬರೆದು, ಅದು ಸರಿಯಾದ ಇಂಗ್ಲಿಷೇ ಎಂದು ಇನ್ನೊಮ್ಮೆ ಓದಿ, ಕೆಳಗೆ ಪೂರ್ತಿ ಹೆಸರು: ದೇವಾನಂದ ರಾಮಪ್ಪ ಹೂಗಾರ. ರಾಮಪ್ಪ ಎಂದು ಬರೆಯುವಾಗ ಅಪ್ಪ ಕಣ್ಣಿಗೆ ಕಟ್ಟಿದ. ಭಾಂಡುಪಿನ ಕಾರ್ಖಾನೆಗಳಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಒಮ್ಮೆ ಹೇಳದೆ ಕೇಳದೆ ಮಾಟುಂಗದ ಪ್ರೆಸ್ಸಿಗೆ ಬಂದು, ಮಗ ಕೆಲಸ ಮಾಡುವ ಕುರ್ಚಿಯ ಬೆನ್ನನ್ನು ಸವರಿ ನೋಡಿದ್ದ. ಎದುರಿನ ಉಡುಪಿ ಹೋಟೆಲಿನಲ್ಲಿ ಪ್ರೆಸ್ಸಿನ ಮಾಲೀಕರು ಕೂತಿದ್ದರು. ಅಪ್ಪನ ಸುಣ್ಣ ಮೆತ್ತಿದ ಕಾಲು ನೋಡಿ ದೇವಾನಂದ ಒಳಗೆ ಕರೆದುಕೊಂಡು ಹೋಗದೆ, ಇಡ್ಲಿ ಕಟ್ಟಿಸಿ ಕೈಗೆ ಕೊಟ್ಟು, ಸ್ಟೇಷನ್ನಿನ ಬೆಂಚಿನ ಮೇಲೆ ಗಾಳಿ ಚಲೋ ಬರ್ತದ ಎಂದು ಕಳಿಸಿಬಿಟ್ಟಿದ್ದ. ಅಪ್ಪ ಸಂಜೆ ಮನೆಯಲ್ಲಿ, ಗಾಳಿ ಖರೇನ ಚಲೋ ಇತ್ತು ಎಂದಿದ್ದ. ಅಷ್ಟೇ. ಅಪ್ಪನಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಬಾಗಿಲು ತೆರೆಯಿತು. ಸೋನಾಲಿ ಒಳಗೆ ಬಂದಳು. ಅವಳ ಮುಖ ಊದಿಕೊಂಡಿತ್ತು. ವಿಡಿಯೋ ಅವಳಿಗೂ ತಲುಪಿತ್ತು. ದೇವಾನಂದ ತಲೆ ಎತ್ತಲಿಲ್ಲ, ಅವಳ ಚಪ್ಪಲಿ ಮಾತ್ರ ಕಂಡವು. ಎಡಗಾಲಿನದಕ್ಕೆ ಹೋದ ಭಾನುವಾರ ತಾನೇ ಹೊಲಿಗೆ ಹಾಕಿಸಿ ತಂದದ್ದು.

"ಹೆದರಬೇಡಮ್ಮ," ಎಂದರು ಮ್ಯಾಡಮ್. "ಇವರು ನಿನಗೆ ಗೊತ್ತೇ? ಏನಾದರೂ ತೊಂದರೆ ಕೊಟ್ಟಿದ್ದಾರೆಯೇ?"

ಸೋನಾಲಿ, "ನಹೀ," ಎಂದಳು.

ಎರಡು ಪ್ರಶ್ನೆಗಳಲ್ಲಿ ಯಾವುದಕ್ಕೆ ಎಂದು ಮ್ಯಾಡಮ್ ಕೇಳಲಿಲ್ಲ. ಅದನ್ನೇ ಎರಡು ಸಾಲು ಬರೆದು, ಪೂರ್ತಿ ಹೆಸರು ಹಾಕಿ ಕೊಡು, ಇಬ್ಬರದನ್ನೂ ಫೈಲಿಗೆ ಹಾಕಿ ಇಲ್ಲಿಗೇ ಮುಗಿಸುತ್ತೇನೆ ಎಂದರು. ಅವಳು ನಿಂತುಕೊಂಡೇ ಬರೆದಳು. ಬರೆಯುತ್ತ ಬರೆಯುತ್ತ ಪೆನ್ನು ನಿಂತಿತು. ದೇವಾನಂದನಿಗೆ ಆಗ ಹೊಳೆಯಿತು. ಮುಂಬಯಿಯ ಯಾವ ಶಾಲೆಯಲ್ಲೂ, ಯಾವ ಕಾಗದದಲ್ಲೂ ಅಪ್ಪನ ಹೆಸರು ನಡುವಿಲ್ಲದೆ ಯಾರಿಗೂ ಪೂರ್ತಿ ಹೆಸರಿಲ್ಲ. ಒಂದನೇ ಇಯತ್ತೆಯಿಂದ ಅವಳ ಕೈ ಅದನ್ನು ಬರೆಯುತ್ತ ಬಂದಿದೆ. ಸುಳ್ಳು ಹೆಸರು ಬರೆ ಎಂದು ಕಣ್ಣಿನಲ್ಲೇ ಹೇಳಲು ಅವನು ತಲೆ ಎತ್ತಿದ. ಅವಳು ಆಗಲೇ ಬರೆದು ಮುಗಿಸಿ ಹಾಳೆಯನ್ನು ಮ್ಯಾಡಮ್ಮಿನ ಕಡೆ ತಿರುಗಿಸಿದ್ದಳು.

ಮ್ಯಾಡಮ್ ಒಂದು ಹಾಳೆ ನೋಡಿದರು, ಇನ್ನೊಂದು ಹಾಳೆ ನೋಡಿದರು. ಸೋನಾಲಿ ದೇವಾನಂದ ಹೂಗಾರ. ದೇವಾನಂದ ರಾಮಪ್ಪ ಹೂಗಾರ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವರು ನಿನಗೇನಾಗಬೇಕು?" ಎಂದು ಕೇಳಿದರು.

"ಪಪ್ಪಾ," ಎಂದಳು ಸೋನಾಲಿ. ಆಮೇಲೆ ಬಾಯಿಗೆ ಓಢಣಿ ಒತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತಳು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಮ್ಯಾಡಮ್ ಎರಡೂ ಹಾಳೆಗಳನ್ನು ಹರಿದರು. ಯಾಕೆ ಹೇಳಲಿಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು ಇಬ್ಬರನ್ನೂ ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಅಮೋಲನನ್ನು ಕರೆಸಿದರು. ಕ್ಯಾಬಿನ್ನಿನ ಹೊರಗೆ ಕಾರಿಡಾರಿನಲ್ಲೇ, ಅಷ್ಟು ಜನರ ಎದುರಿಗೇ ಅವನಿಗೆ ವಿಷಯ ಹೇಳಿದರು. ಬೆಳಗಿನಿಂದ ಅತ್ತು ಅತ್ತು ಕೆಂಪಗಾಗಿದ್ದ ಹುಡುಗ ಒಂದು ಗಳಿಗೆ ಅರ್ಥವಾಗದೆ ನಿಂತ. ಆಮೇಲೆ ಬಗ್ಗಿ ದೇವಾನಂದನ ಕಾಲು ಹಿಡಿದುಬಿಟ್ಟ. "ಸಾರಿ ಅಂಕಲ್, ಮುಝೇ ಪತಾ ನಹೀ ಥಾ, ಸಾರಿ." ಹಿಂದಿಯಲ್ಲಿ, ಮರಾಠಿಯಲ್ಲಿ, ಬಿಕ್ಕುತ್ತ, ಗೊತ್ತಿರಲಿಲ್ಲ, ದೇವರು ತನಗೆ ಆಗಲೇ ಶಿಕ್ಷೆ ಕೊಟ್ಟ, ಬೆಳಿಗ್ಗೆ ನಿಮ್ಮ ವಿಡಿಯೋ ಕಳಿಸಿದೆ, ಬಂದು ನೋಡಿದರೆ ಆರು ತಿಂಗಳ ಕೆಲಸವೆಲ್ಲ ಹೋಗಿದೆ, ನನಗೆ ಆಗಬೇಕಾದದ್ದೇ ಆಯಿತು ಎಂದ. ಪೆನ್‌ಡ್ರೈವ್ ಅವನ ಮುಷ್ಟಿಯಲ್ಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಸೋನಾಲಿ ಬಂದು ದೇವಾನಂದನ ಪಕ್ಕದಲ್ಲಿ ನಿಂತಳು. ಅವಳ ಗೆಳತಿಯರು ನೋಡುತ್ತಿದ್ದರು. ಅವಳು ಸರಿಯಲಿಲ್ಲ, ಬದಲಿಗೆ ಅವನ ತೋಳು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಹಿಡಿಯುತ್ತಿದ್ದಷ್ಟೇ ಗಟ್ಟಿಯಾಗಿ.

ಇಲ್ಲಿಗೆ ನಿಲ್ಲಿಸಬಹುದು ಎಂದು ಅವನಿಗೆ ಅನಿಸಿತು. ಹುಡುಗನ ತಲೆ ಮುಟ್ಟಿ, ಇರಲಿ ಬಿಡಪ್ಪ ಎಂದರೆ ಮುಗಿಯಿತು. ಎಲ್ಲರ ಕಣ್ಣಿನಲ್ಲೂ ಅವನೀಗ ದೊಡ್ಡವನು, ಮಗಳಿಗೋಸ್ಕರ ಮಾನವನ್ನೇ ಬಿಟ್ಟುಕೊಟ್ಟವನು. ಅವನು ಬಾಯಿ ತೆರೆದ. ಬಂದದ್ದು ಹಿಂದಿ ಅಲ್ಲ.

"ಅಮೋಲ್, ದೇವರಲ್ಲಪಾ. ನಾ ಅಳಿಸೀನಿ. ಮುಂಜಾನೆ ನಾನ ನನ್ನ ಕೈಯಾರೆ ಅಳಿಸೀನಿ."

ತೋಳಿನ ಮೇಲಿನ ಕೈ ಬಿಗಿಯಾಯಿತು. ಹುಡುಗ ಕಣ್ಣೊರೆಸಿಕೊಂಡು ಸೋನಾಲಿಯ ಕಡೆ ನೋಡಿದ. "ಅಂಕಲ್ ಕ್ಯಾ ಬೋಲ್ ರಹೇ ಹೈ?"

ಸೋನಾಲಿ ಒಂದು ಕ್ಷಣವೂ ತಡಮಾಡಲಿಲ್ಲ. "ಬೋಲ್ ರಹೇ ಹೈ, ಕೋಯೀ ಬಾತ್ ನಹೀ," ಎಂದಳು. ಪರವಾಗಿಲ್ಲ ಅನ್ನುತ್ತಿದ್ದಾರೆ. "ಜಾನೇ ದೋ."

ಎಷ್ಟು ಸಲೀಸಾಗಿ ಹೇಳಿದಳು. ದೇವಾನಂದ ಅವಳ ಮುಖ ನೋಡಿದ. ಅವಳು ಎದುರಿಗೆ ನೋಡುತ್ತಿದ್ದಳು. ಹುಡುಗ ಕೈ ಮುಗಿದು ಲ್ಯಾಬಿನ ಮೆಟ್ಟಿಲ ಕಡೆ ತಿರುಗಿದ. ಮೇಲೆ ರಮಾನಾಥ ಕಾಯುತ್ತಿದ್ದ, ತೊಳೆದು ಹೊಸತು ಮಾಡಲು.

"ಸೋನಾಲಿ, ಸರಿ ಹೇಳವಾ ಅವಂಗ."

"ಪಪ್ಪಾ, ಪ್ಲೀಸ್." ಅವಳು ತುಟಿ ಅಲುಗಿಸದೆ ಅಂದಳು. "ಸಾಕು ಮಾಡ್ರಿ. ಪ್ಲೀಸ್."

ಹುಡುಗ ನಾಲ್ಕು ಮೆಟ್ಟಿಲು ಹತ್ತಿದ್ದ. "ಅಮೋಲ್!" ಎಂದು ದೇವಾನಂದ ಕೂಗಿದ, ಮತ್ತು ಇಪ್ಪತ್ತೈದು ವರ್ಷಗಳಿಂದ ಅಂಗಡಿಯಲ್ಲಿ, ರೈಲಿನಲ್ಲಿ, ಪ್ರೆಸ್ಸಿನಲ್ಲಿ ಮಾತಾಡಿದ ಹಿಂದಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದ. "ವೈರಸ್ ನಹೀ ಹೈ. ಮೈನೇ ಡಿಲೀಟ್ ಕಿಯಾ. ಉಸ್ಕೋ ಹಾಥ್ ಮತ್ ಲಗಾನಾ, ಸಬ್ ನಿಕಲ್ ಸಕತಾ ಹೈ."

ವೈರಸ್ ಅಲ್ಲ, ಅಳಿಸಿದ್ದು ತಾನೇ, ಅದನ್ನು ಮುಟ್ಟಬೇಡ, ಎಲ್ಲ ಹೊರತೆಗೆಯಬಹುದು ಎಂದು. ಅಮೋಲ್ ಅವನನ್ನು ನೋಡಿದ ನೋಟದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ನಂಬದಿರುವುದಷ್ಟೇ ಇತ್ತು. ಆಮೇಲೆ ಅವನು ಸೋನಾಲಿಯನ್ನು ನೋಡಿದ, ಸುಳ್ಳು ಹೇಳಿದವಳನ್ನು. ಎಲ್ಲರೂ ಅವಳನ್ನೇ ನೋಡಿದರು. ತೋಳಿನ ಮೇಲಿನ ಕೈ ಹೋಯಿತು. ಯಾವಾಗ ಹೋಯಿತೆಂದು ಅವನಿಗೆ ತಿಳಿಯಲಿಲ್ಲ; ತಿರುಗಿದಾಗ ಅವಳು ಇರಲಿಲ್ಲ.

ರಮಾನಾಥ ಪೆನ್‌ಡ್ರೈವನ್ನು ತನ್ನ ಮಶೀನಿಗೆ ಹಾಕಿದ. ಮೂರು ಗಂಟೆಯ ಸುಮಾರಿಗೆ ಫೈಲುಗಳು ಒಂದೊಂದಾಗಿ ಬರತೊಡಗಿದವು, ಹೆಸರು ಕಳೆದುಕೊಂಡು, ಬರೀ ನಂಬರುಗಳಾಗಿ. ಕೆಲವು ತೆರೆದವು, ಕೆಲವು ಬೂದಿ ಬಣ್ಣದ ಪಟ್ಟಿಗಳಾಗಿ ನಿಂತವು. ದೇವಾನಂದ ಪಕ್ಕದಲ್ಲಿ ಕೂತು ಒಂದೊಂದನ್ನೇ ತೆರೆದು ನೋಡಿ ಹೆಸರು ಟೈಪು ಮಾಡಿದ. ಆ ಕೆಲಸ ಅವನಿಗೆ ಬರುತ್ತಿತ್ತು. ಅಮೋಲ್ ಹಿಂದೆ ನಿಂತು ಇದು ಇಂಥದ್ದು, ಇದು ಇಂಥದ್ದು ಎಂದು ಹೆಸರಷ್ಟೇ ಹೇಳಿದ. ಅಂಕಲ್ ಎನ್ನಲಿಲ್ಲ. ರೈಲಿನ ಕಿಟಕಿಯ ಚಿತ್ರಗಳು ಬಂದವು. ಕಾಗೆ ಬರಲಿಲ್ಲ. ಅದು ಬಂದೀತೆಂದು ಐದರ ತನಕ ಮೂವರೂ ಕಾದರು. ಮ್ಯಾಡಮ್ ಬಾಗಿಲಲ್ಲಿ ನಿಂತು ಅಮೋಲನಿಗೆ ಸೋಮವಾರದ ತನಕ ಸಮಯ ಕೊಟ್ಟರು. ದೇವಾನಂದನ ಕಡೆ ತಿರುಗಿ, "ನಿಮ್ಮ ಪ್ರಾಜೆಕ್ಟ್?" ಎಂದರು. ಇಲ್ಲ ಮ್ಯಾಡಮ್ ಎಂದು, ಅವನು ಈ ಸಲ ಕೂತಲ್ಲಿಂದಲೇ ಹೇಳಿದ. ಅವರು ತಲೆಯಾಡಿಸಿ ಹೋದರು. ಸರ್ಟಿಫಿಕೇಟ್ ಇಲ್ಲ ಎಂದು ಅವರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅಣವೀರಪ್ಪನವರಿಗೆ ಏನು ಹೇಳುವುದು, ರಂಜನಾಗೆ ಏನು ಹೇಳುವುದು ಎಂಬುದು ದೂರದಲ್ಲೆಲ್ಲೋ ಬೇರೆಯವರ ಚಿಂತೆಯಂತೆ ಸುಳಿದು ಹೋಯಿತು.

ಕೆಳಗಿನ ಮಹಡಿಯ ಮೆಟ್ಟಿಲ ಮೇಲೆ ಸೋನಾಲಿ ಕೂತಿದ್ದಳು. ಹೋಗಿಬಿಟ್ಟಿದ್ದಾಳೆ ಎಂದುಕೊಂಡಿದ್ದ. ಅವನು ಎರಡು ಮೆಟ್ಟಿಲು ಮೇಲೆಯೇ ನಿಂತ.

"ನಾಳಿ ನಾ ಹ್ಯಾಂಗ ಬರ್ಲಿ ಇಲ್ಲಿ?" ಎಂದಳು, ತಿರುಗದೆ.

"ನಾ ಇನ್ನ ಬರೂದಿಲ್ಲವಾ. ಮುಗೀತು ನಂದು."

"ನಾ ಅದ್ ಕೇಳ್ಲಿಲ್ಲ ಪಪ್ಪಾ." ಶಬ್ದಗಳು ಅವಳಿಗೆ ಸಿಗುತ್ತಿರಲಿಲ್ಲ, ಹಿಂದಿಗೆ ಹೋಗದೆ ಕನ್ನಡದಲ್ಲೇ ತಡಕಾಡಿದಳು. "ನಿಮ್ಮ ಕೈ ಹಿಡದೆ ನಾನು. ಎಲ್ಲಾರ ಮುಂದ. ನಿಮ್ಮ ಸಲುವಾಗಿ ಸುಳ್ಳ ಹೇಳ್ದೆ. ಫಸ್ಟ್ ಟೈಮ್ ನಿಮ್ಮ ಸಲುವಾಗಿ ಏನಾರ ಮಾಡ್ದೆ. ನೀವು ಅದನ್ನ… ಎಲ್ಲಾರ ಮುಂದ ಕೆಡವಿ ಹಾಕಿದ್ರಿ."

ಆ ಹುಡುಗನ ಕೆಲಸ ಹಾಳಾಗುತ್ತಿತ್ತು ಎನ್ನಬಹುದಿತ್ತು. ತಪ್ಪು ತಪ್ಪೇ ಎನ್ನಬಹುದಿತ್ತು. ಅವೆಲ್ಲ ನಿಜವೇ, ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ದೇವಾನಂದ ಇಳಿದು ಬಂದು ಅವಳ ಪಕ್ಕದಲ್ಲಿ, ಧೂಳಿನ ಮೇಲೆಯೇ ಕೂತ. ಮೆಟ್ಟಿಲು ಇಳಿಯುವ ಹುಡುಗ ಹುಡುಗಿಯರು ಅವರನ್ನು ಕಂಡು ಮಾತು ನಿಲ್ಲಿಸಿ, ಗೋಡೆಗೆ ಸರಿದು ದಾಟಿಕೊಂಡು ಹೋಗುತ್ತಿದ್ದರು. ಸ್ವಲ್ಪ ಕೆಳಗೆ ಹೋದ ಮೇಲೆ ಮತ್ತೆ ಮಾತು, ನಗು. ಅವಳು ಏಳಲಿಲ್ಲ. ಅವನು ನೆಲ ನೋಡುತ್ತ ಕೂತಿದ್ದ, ಅವಳ ಕಡೆ ತಿರುಗುವ ಧೈರ್ಯವಾಗಲಿಲ್ಲ.